ಚಿಕ್ಕಜಾಜೂರಿನಲ್ಲಿ ಗಾಡಿ ಬದಲಿಸಿ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಹೋದರೆ 60 ಕಿ.ಮೀ. ಆಸುಪಾಸು. ಬಸ್ಸು ಹತ್ತಿದವರು ಒಂದು ನಿದ್ದೆ ಮುಗಿಯುವುದರೊಳಗೆ ಕೋಟೆಯ ಬುಡದಲ್ಲಿ ಇಳಿಯುತ್ತಾರೆ. ಹಾಗಿರುವಾಗ ದುರ್ಗದಲ್ಲಿದ್ದ ನೆಂಟರ ಗೃಹಪ್ರವೇಶಕ್ಕೆ ರೈಲಿನಲ್ಲಿ, ಅದೂ ಚಿಕ್ಕಜಾಜೂರಿನಲ್ಲಿ ಗಾಡಿ ಬದಲಿಸಿಕೊಂಡು ಹೋಗುತ್ತೇವೆಂದಾಗ ಮನೆಯವರೆಲ್ಲ ಬೇಡವೆಂದರು. ದೊಡ್ಡಪ್ಪ ಮಾತ್ರ ಪಟ್ಟು ಬಿಡಲಿಲ್ಲ. “ಬಸ್ಸಿನಾಗೆ ಕಾಲು ಮಡಚಿಕೊಂಡು ಕುಂದ್ರಾಕೆ ಆಗಲ್ಲ ಕಣಪ್ಪ, ರೈಲಿಗೇ ಹೋಗಾಣ” ಎಂದರು. ಅವರಿಗೆ ಮೊಣಕಾಲು ನೋವಿರುವುದು ನಿಜ. ಆದರೆ ಮಂಡಿಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಗುಮಾಸ್ತರಾಗಿದ್ದ ಅವರಿಗೆ ಈ ಹಳಿಯ ಮೇಲಿರುವ ಅಕ್ಕರೆ ಬೇರೆಯದೇ ಎಂಬುದು ನನಗೆ ದಾರಿಯಲ್ಲಿ ತಿಳಿಯಿತು.

ಹಳಿ ದಾವಣಗೆರೆಯನ್ನು ಸೀಳಿಕೊಂಡು ಹೋಗುತ್ತದೆ. ಅಶೋಕ ರಸ್ತೆಯ ಗೇಟು ಬಿದ್ದಾಗ ಬಿಸಿಲಿನಲ್ಲಿ ಕಾಯದೆ ಬೆಳೆದವರು ನಮ್ಮ ಊರಿನಲ್ಲಿ ಯಾರೂ ಇಲ್ಲ. ಅಲ್ಲಿ ನಿಂತಾಗ ನಾವು ಬೈದುಕೊಳ್ಳುತ್ತಿದ್ದ ಗೂಡ್ಸ್ ಗಾಡಿಯೇ ದೊಡ್ಡಪ್ಪನ ತಲೆಮಾರಿಗೆ ಅನ್ನದ ದಾರಿಯಾಗಿತ್ತು. ಅವರು ವಿವರಿಸಿದ ಒಂದು ಸಂಗತಿ ನನಗೆ ಹೊಸದು. ಹತ್ತಿಯನ್ನೋ ಕಾಳನ್ನೋ ವ್ಯಾಗನ್ನಿಗೆ ತುಂಬಿಸಿದ ಕೂಡಲೇ ಗೂಡ್ಸ್ ಶೆಡ್ಡಿನಲ್ಲಿ ಕೈಗೆ ಬರುತ್ತಿದ್ದ ರಸೀದಿಗೆ ಪೇಟೆಯಲ್ಲಿ ‘ಆರ್.ಆರ್.’ ಎನ್ನುತ್ತಿದ್ದರು. ಆ ಕಾಗದವನ್ನು, ಇಷ್ಟು ಹಣ ಕೊಡಬೇಕೆಂದು ಖರೀದಿದಾರನ ಮೇಲೆ ಬರೆದ ಹುಂಡಿಯ ಜೊತೆಗೆ ಬ್ಯಾಂಕಿಗೆ ಒಪ್ಪಿಸಿದರೆ ಬ್ಯಾಂಕಿನವರು ಅದರ ಆಧಾರದ ಮೇಲೆ ಹಣ ಕೊಡುತ್ತಿದ್ದರು. ದೂರದ ಊರಿನ ಖರೀದಿದಾರ ತನ್ನ ಊರಿನ ಬ್ಯಾಂಕಿನಲ್ಲಿ ಹಣ ಕಟ್ಟಿ ಆರ್.ಆರ್. ಬಿಡಿಸಿಕೊಂಡ ಮೇಲೆಯೇ ಅಲ್ಲಿಯ ಸ್ಟೇಷನ್ನಿನಲ್ಲಿ ಅವನಿಗೆ ಮಾಲು ಸಿಗುತ್ತಿತ್ತು. ಮುಖ ನೋಡದ ಇಬ್ಬರು ವರ್ತಕರ ನಡುವೆ ವ್ಯಾಪಾರ ಸಾಧ್ಯವಾಗಿದ್ದು ಆ ತುಂಡು ಕಾಗದದಿಂದ. ರೈಲು ಮೂಟೆಗಳನ್ನು ಹೊತ್ತ ಹಾಗೆಯೇ ನಂಬಿಕೆಯನ್ನೂ ಹೊತ್ತಿತು ಎಂದು ನಾನು ಒಪ್ಪಿಕೊಂಡಿದ್ದು ಅವರ ಈ ಮಾತು ಕೇಳಿದ ಮೇಲೆ.

ಬೆಂಗಳೂರಿನ ಕಡೆಯ ಗಾಡಿ ತೋಳಹುಣಸೆ ದಾಟುತ್ತಿದ್ದಂತೆ ಭದ್ರಾ ನಾಲೆಯ ನೀರುಂಡ ಗದ್ದೆ, ಅಡಿಕೆ ತೋಟಗಳು ಹಿಂದೆ ಸರಿದು, ಕೊಡಗನೂರಿನ ಆಚೆಗೆ ಮೆಕ್ಕೆಜೋಳದ ಹೊಲಗಳು ಹರಡಿಕೊಂಡವು. ಈ ಹೊಲಗಳ ನಡುವೆ ಹಳಿ ಹಾಕಿಸಿದ್ದು ಬರ. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರವರೆಗೆ ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಬೇರೆ ಸೀಮೆಯಲ್ಲಿ ಧಾನ್ಯವಿದ್ದರೂ ಅದನ್ನು ಹಸಿದವರ ಊರಿಗೆ ಮುಟ್ಟಿಸುವ ದಾರಿ ಇರಲಿಲ್ಲ. ಮೇವಿಲ್ಲದೆ ಎತ್ತುಗಳು ಸತ್ತ ಮೇಲೆ ಗಾಡಿ ಎಳೆಯುವವರು ಯಾರು? ಆ ಕಹಿಯ ನೆನಪಿನಲ್ಲೇ ಸಂಸ್ಥಾನವು ಬೆಂಗಳೂರಿನಿಂದ ತುಮಕೂರಿನ ಮೂಲಕ ಗುಬ್ಬಿಯವರೆಗೆ 1884ರ ಹೊತ್ತಿಗೆ ಮೀಟರ್ ಗೇಜ್ ಹಳಿ ಹಾಕಿಸಿತು. ಅಲ್ಲಿಂದ ಮುಂದಿನ ಕೆಲಸವನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿ ವಹಿಸಿಕೊಂಡು, 1889ರಲ್ಲಿ ಹರಿಹರದ ತುಂಗಭದ್ರೆಯ ದಡ ಮುಟ್ಟಿಸಿತು. ಆ ದಾರಿಯಲ್ಲಿ ದಾವಣಗೆರೆ ಸಿಕ್ಕಿತು, ಕೋಟೆಯ ಊರು ಸಿಗಲಿಲ್ಲ.

ದಾವಣಗೆರೆಯನ್ನು ರೈಲೇ ಹುಟ್ಟಿಸಿತು ಎನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಹೈದರಾಲಿಯ ಕಾಲದಲ್ಲಿ ಈ ಊರನ್ನು ಜಹಗೀರಾಗಿ ಪಡೆದ ಮರಾಠಾ ಸರದಾರ ಅಪೋಜಿರಾಮನು ವರ್ತಕರನ್ನು ಕರೆತಂದು ನೆಲೆಗೊಳಿಸಿದ್ದನು. ಹಳಿ ಬರುವ ಮೊದಲೇ ಇಲ್ಲಿಯ ಸಾಹುಕಾರರು ಮಲೆನಾಡಿನ ಅಡಿಕೆ, ಮೆಣಸನ್ನು ಈಗಿನ ತಮಿಳುನಾಡಿನ ವಾಲಾಜಾಪೇಟೆಯವರೆಗೆ ಕಳುಹಿಸುತ್ತಿದ್ದರು. ವ್ಯಾಪಾರದ ಬುದ್ಧಿ ಊರಿನದೇ. ಅದಕ್ಕೆ ದೂರದ ದೇಶ ತೆರೆದಿದ್ದು ಹಳಿ. ಹತ್ತಿ ಅರೆಯುವ ಕಾರ್ಖಾನೆಗಳೂ ಮುಂದೆ 1930ರ ದಶಕದಿಂದ ಎದ್ದ ಬಟ್ಟೆ ಗಿರಣಿಗಳೂ ಈ ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ತಂದವು. ಗಿರಣಿಗಳ ಸದ್ದು ಅಡಗಿದರೂ ಆ ಹೆಸರು ಹಿರಿಯರ ಬಾಯಲ್ಲಿ ಇನ್ನೂ ಇದೆ.

ಮಾಯಕೊಂಡದಲ್ಲಿ ಗಾಡಿ ನಿಂತಿದ್ದು ಒಂದೇ ನಿಮಿಷ. 1748ರಲ್ಲಿ ಚಿತ್ರದುರ್ಗದ ಹಿರೇಮದಕರಿನಾಯಕನು ಕಾದಾಡಿ ಮಡಿದ ನೆಲವಿದು. ದೊಡ್ಡಪ್ಪ ಕಿಟಕಿಯಿಂದಲೇ ಕೈಮುಗಿದರು.

ಚಿಕ್ಕಜಾಜೂರಿನಲ್ಲಿ ಇಳಿದ ನಾವು ಬಳ್ಳಾರಿ ಕಡೆಯ ಪ್ಯಾಸೆಂಜರಿಗಾಗಿ ಎರಡು ಗಂಟೆಗೂ ಹೆಚ್ಚು ಕಾಯಬೇಕಾಯಿತು. ಹೊಳಲ್ಕೆರೆ ತಾಲ್ಲೂಕಿನ ಈ ಸಣ್ಣ ಊರಿನ ಹೆಸರು ಅಷ್ಟು ದೂರದ ಜನಕ್ಕೂ ಗೊತ್ತಿರುವುದು ಇಲ್ಲಿ ಹಳಿ ಕವಲೊಡೆಯುವುದರಿಂದ. ಬೇವಿನ ಮರದ ನೆರಳಿನ ಕಟ್ಟೆಯಲ್ಲಿ ಕುಳಿತು ನಾವು ಬುತ್ತಿ ಬಿಚ್ಚಿದಾಗ ಪಕ್ಕದಲ್ಲೇ ಒಂದು ಲಂಬಾಣಿ ಕುಟುಂಬ ಗಂಟುಮೂಟೆಗಳ ಸಮೇತ ಕುಳಿತಿತ್ತು. ನಾವು ದುರ್ಗಕ್ಕೆ ಹೊರಟಿದ್ದರೆ ಅವರು ದುರ್ಗದ ಕಡೆಯ ತಾಂಡಾದಿಂದ ಬಂದು, ಬೀರೂರಿನಲ್ಲಿ ಇಳಿದು, ಅಲ್ಲಿಂದ ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಹಣ್ಣು ಕೊಯ್ಯಲು ಹೊರಟಿದ್ದರು. “ಎಷ್ಟು ದಿನ ಇರ್ತೀರವ್ವಾ?” ಎಂದು ದೊಡ್ಡಪ್ಪ ಕೇಳಿದರು. “ಮೂರು ತಿಂಗಳು ಯಜಮಾನ್ರೆ. ಹುಡ್ಗೀನ ಸಾಲಿ ಬಿಡ್ಸಿ ಕರ್ಕಂಡು ಹೊಂಟೀವಿ, ಮನ್ಯಾಗೆ ನೋಡ್ಕಳ್ಳೋರು ಯಾರೂ ಇಲ್ಲ” ಎಂದಳು ಆ ತಾಯಿ. ಹುಡುಗಿ ನಮ್ಮ ಮಂಡಕ್ಕಿ ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡಿದ್ದಳೇ ಹೊರತು ತಿನ್ನಲಿಲ್ಲ.

ಆ ಮಾತು ನನ್ನನ್ನು ಬಿಡಲಿಲ್ಲ. ಹಳಿ ಬರುವ ಮೊದಲು ಈ ಸೀಮೆಯಲ್ಲಿ ನೂರಾರು ಎತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ಕರಾವಳಿಗೂ ಬಯಲುಸೀಮೆಗೂ ನಡೆದಾಡಿದವರು ಇದೇ ಲಂಬಾಣಿಗಳ ಹಿರಿಯರು. ರೈಲಿನ ಕೆಲವೇ ವ್ಯಾಗನ್ನುಗಳು ಅವರ ಇಡೀ ಹಿಂಡಿನ ಹೊರೆಯನ್ನು ಒಂದೇ ದಿನದಲ್ಲಿ ಸಾಗಿಸತೊಡಗಿದಾಗ ಆ ಕಸುಬು ಕೈಬಿಟ್ಟಿತು. ಬರಗಾಲದಲ್ಲಿ ಜೀವ ಉಳಿಸುವುದಕ್ಕೆಂದು ಬಂದ ಹಳಿ ಸಾಗಣೆಯನ್ನೇ ನಂಬಿದ್ದವರ ಬದುಕನ್ನು ಕಿತ್ತುಕೊಂಡಿದ್ದನ್ನೂ, ಇಂದು ಅವರ ಮೊಮ್ಮಕ್ಕಳನ್ನು ಕೂಲಿಗೆ ಕರೆದೊಯ್ಯುತ್ತಿರುವುದನ್ನೂ ಮರೆತು ರೈಲನ್ನು ಹೊಗಳುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಕವಲುಹಳಿಯ ಗಾಡಿ ನಿಧಾನವಾಗಿ ಸಾಗಿತು. ಎದುರಿನಿಂದ ಅದಿರು ತುಂಬಿದ ಉದ್ದನೆಯ ಗೂಡ್ಸ್ ಬಂದಾಗ ನಮ್ಮದನ್ನು ಬದಿಗೆ ನಿಲ್ಲಿಸಿದರು. “ಈಗ ಒಂದು ವ್ಯಾಗನ್ ಕೇಳಿದರೆ ಯಾರೂ ಕೊಡೋದಿಲ್ಲ” ಎಂದು ದೊಡ್ಡಪ್ಪ ಅದನ್ನೇ ನೋಡುತ್ತ ಹೇಳಿದರು. ನಿಜ. ಬಿಡಿ ವ್ಯಾಗನ್ನುಗಳನ್ನು ಯಾರ್ಡಿನಿಂದ ಯಾರ್ಡಿಗೆ ಜೋಡಿಸುತ್ತ ಕಳುಹಿಸುವುದು ತಡವೆಂದು, ನಲವತ್ತಕ್ಕೂ ಹೆಚ್ಚು ವ್ಯಾಗನ್ನುಗಳ ಇಡೀ ರೇಕನ್ನೇ ಒಬ್ಬರ ಮಾಲಿಗೆ ಕೊಡುವ ಪದ್ಧತಿ ಬೇರೂರಿ ದಶಕಗಳೇ ಆದವು. ಅದಿರು, ಗೊಬ್ಬರ, ಸಿಮೆಂಟು, ಪಡಿತರದ ಅಕ್ಕಿಗೆ ಅದು ಒಗ್ಗಿತು. ನೂರು ಚೀಲ ಕಡಲೆಬೀಜದ ಎಣ್ಣೆ ಗಾಣದವನೂ ಮಂಡಿಪೇಟೆಯ ಸಣ್ಣ ವರ್ತಕನೂ ಲಾರಿಯ ಕಡೆಗೆ ತಿರುಗಿದರು. ಪೇಟೆಗೂ ಸ್ಟೇಷನ್ನಿಗೂ ಇದ್ದ ನಂಟು ಸಡಿಲವಾದದ್ದು ಹಾಗೆ. ಇದು ದಕ್ಷತೆಯ ಲೆಕ್ಕದಲ್ಲಿ ಸರಿಯಿರಬಹುದು; ಸಣ್ಣವನಿಗೂ ಹಳಿಯ ಮೇಲೆ ಜಾಗವಿರುವ ಒಂದು ದಾರಿಯನ್ನು ಹುಡುಕಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಕಾಣಿಸಿಕೊಂಡ ಸ್ವಲ್ಪ ಹೊತ್ತಿಗೆ ದುರ್ಗ ಬಂತು. ಏಳು ಸುತ್ತಿನ ಕೋಟೆಯ ಊರು, ಜಿಲ್ಲೆಯ ತಲೆಯೂರು. ಆದರೂ ಸ್ಟೇಷನ್ನಿನಲ್ಲಿ ನಮ್ಮೊಡನೆ ಇಳಿದವರು ಹತ್ತಿಪ್ಪತ್ತು ಮಂದಿ. ದಾವಣಗೆರೆಯ ಪ್ಲಾಟ್‌ಫಾರ್ಮಿನ ನೂಕುನುಗ್ಗಲನ್ನು ಬೆಳಿಗ್ಗೆಯಷ್ಟೇ ಕಂಡಿದ್ದ ನನಗೆ, ತಾಲ್ಲೂಕು ಕೇಂದ್ರವಾಗಿದ್ದ ನಮ್ಮ ಊರು 1997ರ ಆಗಸ್ಟ್ 15ರಂದು ದುರ್ಗದಿಂದ ಬೇರ್ಪಟ್ಟು ತಾನೇ ಜಿಲ್ಲೆಯಾಗುವಷ್ಟು ಬೆಳೆದುದರಲ್ಲಿ ಮುಖ್ಯ ಹಳಿಯ ಪಾಲು ಎಷ್ಟೆಂಬುದು ಆಗ ಕಣ್ಣಿಗೆ ಕಟ್ಟಿತು.

ಮರುದಿನ ಹಿಂದಿರುಗಿದ್ದು ಬಸ್ಸಿನಲ್ಲಿ. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗ, ಭರಮಸಾಗರಗಳ ಮೂಲಕ ದಾವಣಗೆರೆಗೆ ಬರಲಿರುವ ಸುಮಾರು 190 ಕಿ.ಮೀ. ಹೊಸ ಮಾರ್ಗಕ್ಕೆ 2011–12ರಲ್ಲೇ ಮಂಜೂರಾತಿ ಸಿಕ್ಕಿದೆ. ಅದು ಮುಗಿದರೆ ಅರಸೀಕೆರೆಯ ಬಳಸುದಾರಿ ತಪ್ಪಿ ಬೆಂಗಳೂರು ಸುಮಾರು 65 ಕಿ.ಮೀ. ಹತ್ತಿರವಾಗುತ್ತದೆ, ದುರ್ಗವೂ ಮುಖ್ಯ ಹಳಿಯ ಮೇಲೆ ಕೂರುತ್ತದೆ. ಭರಮಸಾಗರ ದಾಟಿದ ಮೇಲೆ ಇದನ್ನು ಹೇಳಿದಾಗ ಮೊಣಕಾಲು ನೀವಿಕೊಳ್ಳುತ್ತಿದ್ದ ದೊಡ್ಡಪ್ಪ ಕಿಟಕಿಯ ಕಡೆಗೆ ಬಗ್ಗಿ ಹೊಲಗಳನ್ನು ನೋಡಿದರು. “ಹಂಗಾದರೆ ಆ ತಾಂಡಾದೋರು ಎಲ್ಲಿ ಇಳೀತಾರೆ?” ಎಂದು ಕೇಳಿದರು.