ಮೆಣಸಿನ ಸೀಮೆಯ ಒಂದು ದಿನ: ಮನೆಮಂದಿಯೆಲ್ಲ ಸೇರಿ, ಕಡಿಮೆ ಖರ್ಚಿನಲ್ಲಿ

ನೂರಾರು ವರ್ಷ ಹಿಂದಿನವರಂತೆ ಉಟ್ಟು, ಅವರಂತೆ ಅಡುಗೆ ಮಾಡಿ ಉಂಡು, ಅವರ ಕೆಲಸವನ್ನು ನಮ್ಮ ಕೈಯಲ್ಲಿ ಮಾಡಿ ನೋಡುವ ಹವ್ಯಾಸ ಯುರೋಪು, ಅಮೆರಿಕದಲ್ಲಿ ಚೆನ್ನಾಗಿ ಬೇರೂರಿದೆ. ಅಮೆರಿಕದ ಬರ್ಕ್ಲಿಯಲ್ಲಿ 1966ರಲ್ಲಿ ಶುರುವಾದ ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ’ ಎಂಬ, ಮಧ್ಯಯುಗದ ಬದುಕನ್ನು ಹೀಗೆ ಬಾಳಿ ನೋಡುವವರ ಕೂಟದಲ್ಲಿ ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೇ ಪಾಲ್ಗೊಳ್ಳುತ್ತಾರೆ. ಅಲ್ಲಿಯವರಿಗೆ ಲಿನನ್, ಉಣ್ಣೆ ಬಟ್ಟೆ ಹುಡುಕಿ ಕೊಳ್ಳುವುದೇ ದೊಡ್ಡ ಖರ್ಚು. ನಮ್ಮ ಉತ್ತರ ಕನ್ನಡದಲ್ಲಿ ಆ ತೊಂದರೆಯಿಲ್ಲ. ಬೇಕಾದ ಮುಕ್ಕಾಲು ಸಾಮಾನು ಅಟ್ಟದ ಮೇಲೆ, ತೋಟದಲ್ಲಿ, ಅಜ್ಜಿಯ ಟ್ರಂಕಿನಲ್ಲಿ ಇದ್ದೇ ಇದೆ. ಹಾಗಾಗಿ ಇಲ್ಲಿ ಮೊದಲ ಕೆಲಸ ಕೊಳ್ಳುವುದಲ್ಲ, ಈ ಕಾಲದ್ದನ್ನು ಮೈಮೇಲಿಂದ ತೆಗೆದಿಡುವುದು.

ಅದಕ್ಕೂ ಮುಂಚೆ ಒಂದು ಇಸವಿ, ಒಂದು ಊರು, ಒಂದು ಕಸುಬು ಗಟ್ಟಿ ಮಾಡಿಕೊಳ್ಳಿ. ‘ಹಳೇ ಕಾಲ’ ಎಂದು ಹೊರಟರೆ ಕದಂಬರ ಕತ್ತಿ, ಪೇಶ್ವೆಯ ಪೇಟ, ಸಿನಿಮಾದ ಕಿರೀಟ ಎಲ್ಲ ಒಂದೇ ಮೈಮೇಲೆ ಬಂದು ಕೂರುತ್ತವೆ. ಬನವಾಸಿಯಲ್ಲಿ ಮಯೂರಶರ್ಮನ ಆಳ್ವಿಕೆ 4ನೇ ಶತಮಾನದ್ದು. ಕಾರವಾರದ ಸದಾಶಿವಗಡ ಸೋಂದೆಯ ಅರಸರು 18ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದ್ದು. ನಡುವೆ ಸಾವಿರದ ಮುನ್ನೂರು ವರ್ಷಕ್ಕೂ ಹೆಚ್ಚಿನ ಅಂತರ. ನಮ್ಮ ಸಲಹೆ 1560, ಗೇರುಸೊಪ್ಪೆ ಸೀಮೆ, ಮೆಣಸು ಬೆಳೆಯುವ ಒಂದು ಸಂಸಾರ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಆಳಿದ್ದು 1552ರಿಂದ 1606ರವರೆಗೆ. ಪೋರ್ತುಗೀಸರು ಆಕೆಯನ್ನು ‘ರೈನಾ ದ ಪಿಮೆಂಟಾ’, ಮೆಣಸಿನ ರಾಣಿ, ಎಂದು ಕರೆದರು. ಯುರೋಪಿನ ಲೆಕ್ಕದಲ್ಲಿ ಮಧ್ಯಯುಗ 1500ರ ಸುಮಾರಿಗೇ ಮುಗಿಯಿತು. ನಮ್ಮ ಇತಿಹಾಸದಲ್ಲಿ ಈ ಕಾಲವೂ ಮಧ್ಯಯುಗವೇ.

ರಾಣಿಯ ಪಾತ್ರ ಬೇಡವೇ ಎಂದು ಮಕ್ಕಳು ಕೇಳುತ್ತಾರೆ. ಮೊದಲ ವರ್ಷ ಬೇಡ. ರಾಜಪೋಷಾಕಿಗೆ ರೇಷ್ಮೆ, ಒಡವೆ, ಕಸೂತಿ ಕೆಲಸದ ಬಟ್ಟೆ ಬೇಕು. ದುಡ್ಡಿಲ್ಲದಿದ್ದಾಗ ನಾಟಕದ ಸಾಮಾನಿನ ಅಂಗಡಿಯಿಂದ ಬಾಡಿಗೆಗೆ ತಂದು ಹಾಕುವುದಾಗುತ್ತದೆ. ಯಕ್ಷಗಾನದ ವೇಷವೂ ಇಲ್ಲಿಗೆ ಹೊಂದುವುದಿಲ್ಲ. ಅದು ರಂಗಕ್ಕಾಗಿ ಬೆಳೆದ ದೊಡ್ಡ ಕಲೆ, 1560ರಲ್ಲಿ ಯಾರೂ ಅದನ್ನುಟ್ಟು ಮೆಣಸು ಕೊಯ್ಯಲಿಲ್ಲ. ಬೆಳೆಗಾರನ ಸಂಸಾರವಾದರೆ ಬಟ್ಟೆ ಕಡಿಮೆ ಸಾಕು, ಮಾಡಲು ಕೆಲಸ ಬೇಕಾದಷ್ಟಿದೆ. ಮಕ್ಕಳನ್ನು ಇಡೀ ದಿನ ಹಿಡಿದಿಡುವುದು ವೇಷವಲ್ಲ, ಕೆಲಸ.

ಈಗ ತೆಗೆದಿಡುವ ಕಥೆ. ಕೈಗಡಿಯಾರ, ಸ್ಟಿಕರ್ ಬಿಂದಿ, ಸೇಫ್ಟಿ ಪಿನ್, ರವಿಕೆಯ ಹುಕ್ಕು, ಅಂಗಿಯ ಗುಂಡಿ, ಪ್ಲಾಸ್ಟಿಕ್ ಜರಿಯಂಚು, ಉಗುರುಬಣ್ಣ, ಸ್ಟೀಲ್ ತಟ್ಟೆ, ಅಚ್ಚೊತ್ತಿದ ಗೋಣಿಚೀಲ. ಕನ್ನಡಕ ಬೇಕಾದವರು ಹಾಕಿಕೊಳ್ಳಲಿ, ಎಡವಿ ಬೀಳುವುದು ಬೇಡ. ಮೊಬೈಲು ಎಲೆಸಂಚಿಯೊಳಗೆ ಸೊಂಟದಲ್ಲಿರಲಿ. ಈ ಹವ್ಯಾಸದವರಲ್ಲಿ ಹತ್ತು ಅಡಿಯ ನಿಯಮ ಎಂಬುದೊಂದಿದೆ: ಹತ್ತು ಅಡಿ ದೂರದಿಂದ ನೋಡಿದಾಗ ಸರಿಕಂಡರೆ ಮೊದಲ ವರ್ಷಕ್ಕೆ ಸಾಕು. ಒಳಹೊಲಿಗೆಯೆಲ್ಲ ಮಿಷನ್ನಿನಲ್ಲಿ ಆಗಲಿ, ಹೊರಗೆ ಕಾಣುವ ಮಡಿಕೆ ಮಾತ್ರ ಕೈಯಲ್ಲಿ ಹೊಲಿಯಿರಿ.

ಗಂಡಸರಿಗೆ 8 ಮೊಳದ ಹತ್ತಿಪಂಚೆ, ಮೊಣಕಾಲಿಗೆ ಬರುವಂತೆ ಎತ್ತಿ ಕಟ್ಟಿದ ಕಚ್ಚೆ, ತಲೆಗೊಂದು ವಸ್ತ್ರ. 4 ಮೊಳದ್ದಕ್ಕೆ ಕಚ್ಚೆ ಬರುವುದಿಲ್ಲ, ಹಿಂದೆ ಸಿಕ್ಕಿಸಲು ಬಟ್ಟೆ ಸಾಲದೆ ಬಗ್ಗಿದ ಕೂಡಲೇ ಬಿಚ್ಚಿಕೊಳ್ಳುತ್ತದೆ. ಕರಾವಳಿಯ ಸೆಕೆಯಲ್ಲಿ ಮೇಲಂಗಿ ಇಲ್ಲದಿರುವುದೇ ಆ ಕಾಲಕ್ಕೆ ಹೆಚ್ಚು ಸರಿ. ಹೆಂಗಸರಿಗೆ 18 ಮೊಳದ ಹತ್ತಿಸೀರೆಯ ಕಚ್ಚೆ. ರವಿಕೆ ಬೇಕೆನ್ನುವವರು ಈಗಿನ ಸಾದಾ ಹತ್ತಿ ರವಿಕೆಯ ಹುಕ್ಕು ಬಿಚ್ಚಿ, ಎದುರಿಗೆ ಎರಡು ಜೊತೆ 15 ಸೆಂ.ಮೀ. ಉದ್ದದ ಬಟ್ಟೆದಾರ ಹೊಲಿದು ಗಂಟು ಹಾಕಿದರೆ ಕುಪ್ಪಸವಾಯಿತು. ಹಾಲಕ್ಕಿ ಹೆಂಗಸರ ಮಣಿಸರ, ಹೆಗಲ ಗಂಟಿನ ಸೀರೆ ನೋಡಿ ಅದನ್ನೇ ಹಾಕಿಕೊಳ್ಳುವ ಆಸೆ ಬರಬಹುದು. ಅದು ಇಂದಿಗೂ ಬಾಳುತ್ತಿರುವ ಒಂದು ಸಮುದಾಯದ ಗುರುತು, ವೇಷವಲ್ಲ. ದಯವಿಟ್ಟು ಬಿಡಿ.

ಐದು ವರ್ಷದ ಮಗುವಿಗೆ ಒಂದು ತುಂಡುಪಂಚೆ ಸಾಕು. ಹತ್ತು ವರ್ಷದವರಿಗೆ ಬರಿಮೈಯಲ್ಲಿ ನಾಚಿಕೆ, ಅವರಿಗೊಂದು ಅಂಗಿ ಹೊಲಿಯಿರಿ. ಎದೆಯ ಸುತ್ತಳತೆ 64 ಸೆಂ.ಮೀ. ಎಂದಿಟ್ಟುಕೊಂಡರೆ ಲೆಕ್ಕ ಹೀಗೆ. ಕೋರಾ ಬಟ್ಟೆಯನ್ನು, ಅಂದರೆ ಬಣ್ಣ ಹಾಕದ ಸಾದಾ ಹತ್ತಿಬಟ್ಟೆಯನ್ನು, ಒಂದು ರಾತ್ರಿ ನೆನೆಸಿ, ಬಿಸಿನೀರಲ್ಲಿ ಒಗೆದು ಒಣಗಿಸಿ. ಹೀಗೆ ಮಾಡದೆ ಹೊಲಿದರೆ ಮೊದಲ ಒಗೆತಕ್ಕೇ ಅಂಗಿ ಗಿಡ್ಡವಾಗುತ್ತದೆ. ಒಗೆದ ಮೇಲೆ 90 ಸೆಂ.ಮೀ. ಅಗಲ ಉಳಿಯಬೇಕು, ಉದ್ದ 1.25 ಮೀಟರ್ ಕೊಂಡರೆ ಸಾಕು. ಸುತ್ತಳತೆಗೆ 20 ಸೆಂ.ಮೀ. ಸಡಿಲ ಸೇರಿಸಿದರೆ 84, ಅರ್ಧ ಮಾಡಿದರೆ 42, ಹೊಲಿಗೆಗೆ 3. ಅಂದರೆ ಎದುರಿಗೊಂದು, ಬೆನ್ನಿಗೊಂದು, 45 ಅಗಲ 70 ಉದ್ದದ ಎರಡು ತುಂಡು ಅಕ್ಕಪಕ್ಕದಲ್ಲಿ ಸರಿಯಾಗಿ ಕೂರುತ್ತವೆ. ಅವುಗಳ ಕೆಳಗೆ 35 ಅಗಲ, 38 ಉದ್ದದ ಎರಡು ತೋಳು. ಪಕ್ಕದಲ್ಲಿ 20 ಸೆಂ.ಮೀ. ಪಟ್ಟಿ ಉಳಿಯುತ್ತದಲ್ಲ, ಅದರಲ್ಲಿ 13 ಸೆಂ.ಮೀ.ನ ಎರಡು ಚೌಕ ಕತ್ತರಿಸಿ ಕಂಕುಳಿಗೆ ಇಡಿ. ಈ ಚೌಕವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಆಗ ಕೈ ಎತ್ತಿದರೆ ಇಡೀ ಅಂಗಿ ಮೇಲೆ ಬರುತ್ತದೆ, ಮರ ಹತ್ತಿದರೆ ಕಂಕುಳು ಹರಿಯುತ್ತದೆ. ಕುತ್ತಿಗೆಯನ್ನು 12 ಸೆಂ.ಮೀ. ಅಗಲಕ್ಕಿಂತ ದೊಡ್ಡದು ಕತ್ತರಿಸಬೇಡಿ, ಎದುರಿಗೆ 12 ಸೆಂ.ಮೀ. ಸೀಳಿ ಕಟ್ಟಲು ದಾರ ಇಡಿ. ಗುಂಡಗೆ ಕತ್ತರಿಸಿದ ಅಂಚು ತಾನಾಗಿಯೇ ಹಿಗ್ಗುತ್ತದೆ.

ಬಿಳಿ ಕೋರಾ ಹೊಸದಾಗಿ ಹೊಳೆಯುತ್ತದೆ, ಅದಕ್ಕೆ ಬಣ್ಣ ಕೊಡಲು ನಮ್ಮಲ್ಲಿ ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಬಣ್ಣದ ನೀರು, ಇದೆ. ಕೆಂಪಡಿಕೆ ಬೇಯಿಸುವ ಮನೆಯಲ್ಲಿ ಸುಗ್ಗಿಯ ಹೊತ್ತಿಗೆ ಕೇಳಿದರೆ ಒಂದೆರಡು ಲೀಟರ್ ಕೊಡುತ್ತಾರೆ. 500 ಗ್ರಾಂ ಬಟ್ಟೆಗೆ, ಅಂದರೆ ಸುಮಾರು ಮೂರೂವರೆ ಮೀಟರಿಗೆ, ಮೊದಲು 10 ಗ್ರಾಂ ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಒಂದು ಗಂಟೆ ಕುದಿಸಿ ಗಂಜಿ ತೆಗೆಯಿರಿ. ಗಂಜಿ ಉಳಿದಲ್ಲಿ ಬಣ್ಣ ಹಿಡಿಯದೆ ಬೋಳುಬೋಳಾಗಿ ಕಾಣುತ್ತದೆ. ದಪ್ಪ ಚೊಗರು 1 ಲೀಟರಿಗೆ 10 ಲೀಟರ್ ನೀರು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ, ಆಮೇಲೆ ರಾತ್ರಿಯಿಡೀ ಅದರಲ್ಲೇ ಇರಲಿ. ಮರುದಿನ ಹಿಂಡಿ, 75 ಗ್ರಾಂ ಪಟಿಕವನ್ನು ಬಿಸಿನೀರಲ್ಲಿ ಕರಗಿಸಿ ಅದರಲ್ಲಿ ಎರಡು ಗಂಟೆ ಅದ್ದಿ, ಮತ್ತೆ ಚೊಗರಿಗೆ ಹಾಕಿ. ಬರುವ ಕಂದುಗೆಂಪು ಬಣ್ಣಕ್ಕೆ ಅಂಗಡಿಯ ಯಾವ ಬಣ್ಣವೂ ಸಾಟಿಯಲ್ಲ. ಪಾತ್ರೆ ಸ್ಟೀಲಿನದೇ ಇರಲಿ. ಕಬ್ಬಿಣದ ಬಾಣಲೆಯಾದರೆ ಬಣ್ಣ ಕಪ್ಪಿಗೆ ತಿರುಗುತ್ತದೆ, ಕಬ್ಬಿಣ ಅತಿಯಾದರೆ ಬಟ್ಟೆಯ ಆಯಸ್ಸೂ ಕಡಿಮೆ. ಬಟ್ಟೆ ನೀರಿನ ಮೇಲೆ ಉಬ್ಬಿ ನಿಲ್ಲದಂತೆ ಕೋಲಿನಿಂದ ಮಗುಚುತ್ತಿರಬೇಕು. ಒಗೆಯಲು ಅಂಟುವಾಳ ಬಳಸಿ, ಸಾಬೂನಿನ ಕ್ಷಾರಕ್ಕೆ ಬಣ್ಣ ಬದಲಾಗುತ್ತದೆ. ಅರಿಶಿನದ ಬಣ್ಣವನ್ನು ನೆಚ್ಚಬೇಡಿ, ಬಿಸಿಲಿಗೆ ಹಾರಿಹೋಗುತ್ತದೆ, ಸೋಪು ತಾಗಿದಲ್ಲಿ ಕೆಂಪಾಗುತ್ತದೆ.

ಖರ್ಚು? ಕೋರಾ ಬಟ್ಟೆ, ಒಂದು ಪಂಚೆ, ಎರಡು ಮಣ್ಣಿನ ಗಡಿಗೆ, ಪಟಿಕ, ನೂಲು ಎಲ್ಲ ಸೇರಿ ನಾಲ್ವರ ಸಂಸಾರಕ್ಕೆ ಎರಡೂವರೆ, ಮೂರು ಸಾವಿರ ರೂಪಾಯಿಯೊಳಗೆ ಮುಗಿಸಬಹುದು. ಸೀರೆ, ಗೆರಸಿ (ಮೊರ), ಬೀಸುವ ಕಲ್ಲು, ಕಂಬಳಿ, ಹಾಳೆಟೊಪ್ಪಿ ಇಲ್ಲದ ಮನೆಯಾದರೆ ನೆಂಟರಲ್ಲಿ ಕೇಳಿ. ಕತ್ತಿ, ಗುರಾಣಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಮಕ್ಕಳಿರುವಲ್ಲಿ ಹರಿತದ ಆಯುಧ ಬೇಡವೇ ಬೇಡ.

ಅಡುಗೆಯಲ್ಲೇ ಈ ಹವ್ಯಾಸದ ನಿಜವಾದ ರುಚಿ. ಪೋರ್ತುಗೀಸರ ಹಡಗಿನೊಂದಿಗೆ ಅಮೆರಿಕದಿಂದ ಬಂದದ್ದನ್ನೆಲ್ಲ ಬದಿಗಿಡಿ: ಮೆಣಸಿನಕಾಯಿ, ಟೊಮೇಟೊ, ಬಟಾಟೆ, ಶೇಂಗಾ, ಗೋವಿನಜೋಳ, ಸಿಹಿಗುಂಬಳ, ಬೀನ್ಸ್, ಪೇರಲ, ಪಪ್ಪಾಯಿ, ಅನಾನಸು. ಸೂಜಿಮೆಣಸು ನಮ್ಮ ಕಾಡಿನದೇ ಎಂದು ವಾದಿಸುವವರಿದ್ದಾರೆ, ಅದೂ ಅಲ್ಲಿಂದಲೇ ಬಂದದ್ದು. ಇವುಗಳಲ್ಲಿ ಕೆಲವು 1560ರ ಹೊತ್ತಿಗೆ ಗೋವೆಯ ಕಡೆ ಕಾಣಿಸಿಕೊಂಡಿರಬಹುದು, ಆದರೂ ಬೆಳೆಗಾರನ ಒಲೆಯ ಮೇಲೆ ಇಡದಿರುವುದೇ ಸುರಕ್ಷಿತ. ಗೋಡಂಬಿಯೂ ಬೇಡ. ‘ಊರ ಹೆಸರಲ್ಲೇ ಗೇರು ಇದೆಯಲ್ಲ’ ಎಂದರೆ, ಗೇರುಸೊಪ್ಪೆಗೆ ಭಲ್ಲಾತಕೀಪುರ ಎಂಬ ಹೆಸರೂ ಇತ್ತು. ಭಲ್ಲಾತಕ ಎಂದರೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಡಿನ ಗೇರು, ಗೋಡಂಬಿಯ ಮರವಲ್ಲ. ಖಾರಕ್ಕೆ ಉಳಿಯುವುದು ಶುಂಠಿ ಮತ್ತು ಮೆಣಸು. ಕನ್ನಡದಲ್ಲಿ ಮೆಣಸೆಂದರೆ ಮೊದಲಿಗೆ ಇದೇ. ಹೊಸ ಕಾಯಿ ಬಂದು ಹೆಸರನ್ನೂ ಪಡೆದುಕೊಂಡ ಮೇಲೆ ಹಳೆಯದನ್ನು ಕಾಳುಮೆಣಸು, ಒಳ್ಳೆಮೆಣಸು ಎಂದು ಬೇರೆ ಮಾಡಿ ಹೇಳಬೇಕಾಯಿತು.

ನಾಲ್ವರಿಗೆ ಬೂದುಗುಂಬಳದ ಹುಳಿ: ಅರ್ಧ ಕಿಲೋ ಹೋಳು, 100 ಗ್ರಾಂ ಹೆಸರುಬೇಳೆ, ಚಿಟಿಕೆ ಅರಿಶಿನ ಗಡಿಗೆಯಲ್ಲಿ ಬೇಯಲಿ. ಅರ್ಧ ಕಾಯಿಯ ತುರಿ, ಒಂದೂವರೆ ಚಮಚ ಒಳ್ಳೆಮೆಣಸು, ಒಂದು ದೊಡ್ಡ ಚಮಚ ಹುರಿದ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ ಕಲ್ಲಿನಲ್ಲಿ ಅರೆಯಿರಿ. ಹುಳಿಗೆ ಐದಾರು ಮುರುಗಲು (ಕೋಕಂ) ಸಿಪ್ಪೆ. ಅರೆದದ್ದನ್ನು ಕೊನೆಗೆ ಹಾಕಿ ಎರಡು ಕುದಿ ಬರಿಸಿ ಇಳಿಸಿಬಿಡಿ. ಮೆಣಸು ಹೆಚ್ಚು ಕುದಿದರೆ ಪರಿಮಳ ಹಾರಿ ಕಹಿಯಷ್ಟೇ ಉಳಿಯುತ್ತದೆ. ಮೆಣಸಿನಕಾಯಿಯ ಖಾರ ನಾಲಗೆಗೆ ಹೊಡೆದರೆ ಇದರ ಖಾರ ಗಂಟಲಲ್ಲಿ ಬಿಸಿಯಾಗಿ ನಿಲ್ಲುತ್ತದೆ. ಮಕ್ಕಳಿಗೆ ಒಂದು ಚಮಚ ಮೆಣಸೇ ಸಾಕಾದೀತು. ಜೊತೆಗೆ ಕುಚ್ಚಲಕ್ಕಿ ಅನ್ನ, ಒಂದೆಲಗದ ತಂಬುಳಿ. ಕರಾವಳಿಯವರಿಗೆ ಬಂಗಡೆಯೂ ಇದೇ ಮಸಾಲೆಗೆ ಒಗ್ಗುತ್ತದೆ. ಹೊಸ ಗಡಿಗೆಯನ್ನು ಒಂದು ದಿನ ನೀರಲ್ಲಿ ಮುಳುಗಿಸಿಟ್ಟು, ಸಣ್ಣ ಉರಿಯಲ್ಲಿ ಅಕ್ಕಿಗಂಜಿ ಕುದಿಸಿ ಪಳಗಿಸಬೇಕು. ಕಾದ ಗಡಿಗೆಗೆ ತಣ್ಣೀರು ಸುರಿದರೆ, ಇಳಿಸಿ ಹಸಿನೆಲದ ಮೇಲಿಟ್ಟರೆ ಸೀಳುತ್ತದೆ. ಕೆಳಗೊಂದು ಹುಲ್ಲಿನ ಸಿಂಬಿ ಇರಲಿ.

ಮಕ್ಕಳಿಗೊಂದು ಪಾಠವೂ ಇದೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಹೊನ್ನಾವರದಿಂದ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ ಇಕ್ಕೇರಿಗೆ ಹೋದ. ದಾರಿಯಲ್ಲಿ ಗುಡಿಯ ಮೊಗಸಾಲೆಯಲ್ಲಿ ಹುಡುಗರು ಲೆಕ್ಕ ಕಲಿಯುವುದನ್ನು ನೋಡಿ ಬರೆದಿಟ್ಟಿದ್ದಾನೆ. ನೆಲದ ಮೇಲೆ ಮರಳು ಹರಡಿ, ಪಾಠವನ್ನು ರಾಗವಾಗಿ ಹಾಡುತ್ತ, ಹಾಡಿದ್ದನ್ನು ಬೆರಳಲ್ಲಿ ಬರೆಯುತ್ತಿದ್ದರು. ಜಾಗ ತುಂಬಿದರೆ ಹೊಸ ಮರಳು ಎರಚಿ ಮುಂದುವರಿಯುತ್ತಿದ್ದರು. ಮೇಷ್ಟ್ರಿಲ್ಲದೆ, ತಮ್ಮತಮ್ಮಲ್ಲೇ. ನಮ್ಮ ಕಾಲಕ್ಕಿಂತ ಅರವತ್ತು ವರ್ಷ ಈಚಿನದಾದರೂ ಇದೇ ದಾರಿಯ, ಕಣ್ಣಾರೆ ಕಂಡ ಸಾಕ್ಷಿ. ಹಾಗೆ ಬರೆಯಲು ನಮಗೆ ಬೇಕಾದದ್ದು ಎರಡು ಅಡಿ ಉದ್ದ, ಒಂದಡಿ ಅಗಲದ ಹಲಗೆ, ಜರಡಿ ಹಿಡಿದ ಒಣಮರಳು, ಎರಡು ಅಕ್ಕಿಕಾಳಿನಷ್ಟು ದಪ್ಪ. ಹೆಚ್ಚಾದರೆ ಗೆರೆಯ ಅಂಚು ಕುಸಿಯುತ್ತದೆ, ಕಡಿಮೆಯಾದರೆ ಬೆರಳು ಹಲಗೆಗೆ ಉಜ್ಜುತ್ತದೆ. ಕಡಲ ಮರಳಾದರೆ ಸಿಹಿನೀರಲ್ಲಿ ಎರಡು ಸಲ ತೊಳೆದು ಒಣಗಿಸಿ, ಉಪ್ಪು ಗಾಳಿಯ ತೇವ ಹೀರಿ ಮರಳು ಅಂಟಾಗುತ್ತದೆ. ನಾಲ್ಕು ಮಕ್ಕಳು ಸುತ್ತ ಕೂತು ‘ಎರಡೊಂದ್ಲೆ ಎರಡು’ ಎನ್ನುತ್ತ ೨, ೪, ೬ ಎಂದು ಕನ್ನಡ ಅಂಕಿಯಲ್ಲೇ ಬರೆಯಲಿ. ಮಗ್ಗಿ ಬಾರದ ಮಗುವೂ ರಾಗಕ್ಕೆ ಸೇರಿಕೊಳ್ಳುತ್ತದೆ. ದಣಿದವರು ಗೆರಸಿಯಲ್ಲಿ ಮೆಣಸು ಕೇರಿ ಜೊಳ್ಳು ಬೇರೆ ಮಾಡಲಿ.

ಜಾಗದ ವಿಚಾರ ಬೇಗ ಹೇಳಿಬಿಡುತ್ತೇವೆ. ಮಿರ್ಜಾನ ಕೋಟೆ, ಗೇರುಸೊಪ್ಪೆಯ ಚತುರ್ಮುಖ ಬಸದಿ ಮನಸ್ಸಿಗೆ ಬರುತ್ತವೆ. ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಕಾರ್ಯಕ್ರಮ ಮಾಡುವಂತಿಲ್ಲ, ಒಲೆ ಹೂಡುವುದಂತೂ ಕೂಡದು. ಕಾಡಿನಲ್ಲೂ ಬೆಂಕಿ ಬೇಡ. ಅಲ್ಲಿಗೆ ನೋಡಲು ಹೋಗಿ, ಭಟ್ಕಳದ ಖೇತಪೈ ನಾರಾಯಣ ಗುಡಿಯ ಗೋಡೆಯ ಉಬ್ಬುಶಿಲ್ಪದಲ್ಲಿ ಜನ ಹೇಗೆ ಉಟ್ಟಿದ್ದಾರೆ, ತಲೆ ಹೇಗೆ ಕಟ್ಟಿದ್ದಾರೆ ಎಂದು ಗಮನಿಸಿ ಚಿತ್ರ ಬರೆದುಕೊಂಡು ಬನ್ನಿ. ದಿನ ಕಳೆಯುವುದು ನಿಮ್ಮದೇ ತೋಟದಲ್ಲಿ, ಗದ್ದೆ ಕೊಯ್ಲಾದ ಮೇಲೆ, ಡಿಸೆಂಬರಿನಿಂದ ಫೆಬ್ರವರಿಯೊಳಗೆ. ಅಡಿಕೆ ದಬ್ಬೆ, ತೆಂಗಿನ ಮಡ್ಲಿನ ಚಪ್ಪರವಾದರೆ ಒಲೆಯನ್ನು ಕನಿಷ್ಠ ಹತ್ತು ಅಡಿ ದೂರ, ಗಾಳಿ ಬೀಸುವ ದಿಕ್ಕು ನೋಡಿ ಹೂಡಿ. ಒಣಮಡ್ಲಿಗೆ ಕಿಡಿ ತಾಗಿದರೆ ಕೊಡ ಎತ್ತುವಷ್ಟು ಹೊತ್ತೂ ಸಿಗುವುದಿಲ್ಲ. ಎರಡು ಕೊಡ ನೀರು ತುಂಬಿ ಒಲೆಯ ಬದಿಯಲ್ಲೇ ಇರಲಿ. ಹತ್ತಿಬಟ್ಟೆಯ ಸೆರಗನ್ನು ಸೊಂಟಕ್ಕೆ ಬಿಗಿದು ಕಟ್ಟಿಯೇ ಒಲೆಯ ಮುಂದೆ ಕೂರಬೇಕು.

ಮುಗಿದ ಮೇಲೆ ಬಟ್ಟೆಯನ್ನು ಒಗೆದು, ನೆರಳಲ್ಲಿ ಒಣಗಿಸಿ, ಗಂಜಿ ಹಾಕದೆ ಮಡಚಿಡಿ. ಗಂಜಿ ಉಳಿದರೆ ನಮ್ಮ ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ, ಜಿರಲೆಯೂ ತಿನ್ನುತ್ತದೆ. ಗಡಿಗೆಯನ್ನು ಬೋರಲು ಹಾಕಿ ಒಲೆಯ ಮೇಲಿನ ಅಟ್ಟದಲ್ಲಿಡಿ. ಉಳಿದ ಚೊಗರನ್ನು ಇಟ್ಟುಕೊಳ್ಳಬೇಡಿ, ಬೂಸಲು ಬಂದರೆ ಬಣ್ಣ ಮಂಕಾಗುತ್ತದೆ. ಮುಂದಿನ ಸುಗ್ಗಿಗೆ ಹೊಸದು ಸಿಗುತ್ತದೆ, ಅಷ್ಟರಲ್ಲಿ ಹತ್ತು ವರ್ಷದವರ ಅಂಗಿಯೂ ಗಿಡ್ಡವಾಗಿರುತ್ತದೆ. ಅದನ್ನು ತಮ್ಮನಿಗೋ ತಂಗಿಗೋ ಕೊಟ್ಟು, 1.25 ಮೀಟರ್ ಕೋರಾವನ್ನು ಮತ್ತೆ ನೆನೆಹಾಕಿ.