ಉಪ್ಪು ಹಾಕಿದವರು

ದಾವಣಗೆರೆ ಜಿಲ್ಲೆಯಾದ ವರ್ಷವೇ, ಅಂದರೆ 1997ರಲ್ಲಿ, ನಾವು ಹಳ್ಳಿ ಬಿಟ್ಟು ಈ ಊರಿಗೆ ಬಂದೆವು. ಅಲ್ಲಿಂದ ಇಲ್ಲಿವರೆಗೆ ನಮ್ಮನೆ ಮಂಡಕ್ಕಿ ಡಬ್ಬ ಖಾಲಿ ಬಿದ್ದದ್ದು ನನಗೆ ನೆನಪಿಲ್ಲ. ಸಂಜೆಯಾದರೆ ಮಂಡಕ್ಕಿ, ಮಿರ್ಚಿ. ನೆಂಟರು ಬಂದರೂ ಅದೇ, ಜ್ವರ ಬಿಟ್ಟ ಬಾಯಿಗೂ ಅದೇ. ಹಾಸ್ಟೆಲ್‌ಗೆ ಹೊರಟಾಗ ಅಮ್ಮ ಚೀಲಕ್ಕೆ ತುರುಕುತ್ತಿದ್ದದ್ದೂ ಅದನ್ನೇ. ಇಷ್ಟು ತಿಂದರೂ ಇದನ್ನು ಹುರಿಯೋರು ಯಾರು ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಅಂಗಡಿಗೆ ಹೋದರೆ ಸಿಗುತ್ತೆ, ಅಷ್ಟೇ.

ಹೋದ ವರ್ಷ ತಂಗಿ ಮಗುವಿನ ನಾಮಕರಣ. ಎರಡು ಚೀಲ ಮಂಡಕ್ಕಿ ಬೇಕಿತ್ತು. ಅಂಗಡಿಯವರು, "ಅಷ್ಟು ಬೇಕಂದ್ರೆ ಸೀದಾ ಭಟ್ಟಿಗೇ ಹೋಗ್ರಿ" ಅಂದರು. ಬೆಳಿಗ್ಗೆ ಆರಕ್ಕೆ ಮಂಡಕ್ಕಿ ಭಟ್ಟಿ ಏರಿಯಾಕ್ಕೆ ಹೋದೆ. ಹೊರಗೆ ಚಳಿ. ಒಳಗೆ ಕಾಲಿಟ್ಟೆ, ಕನ್ನಡಕ ಮಂಜಾಯಿತು. ಅಂಥ ಸೆಕೆ. ಗೋಡೆ, ಛಾವಣಿ ಎಲ್ಲಾ ಹೊಗೆ ಹಿಡಿದು ಕಪ್ಪಗಿದ್ದವು. ಗಂಡ ಹೆಂಡತಿ ಇಬ್ಬರೇ ಕೆಲಸ ಮಾಡುತ್ತಿದ್ದರು. ರಾತ್ರಿ ಎರಡಕ್ಕೇ ಒಲೆ ಹೊತ್ತಿಸಿದ್ದರಂತೆ.

ಬಾಣಲೆಯಲ್ಲಿ ಕಾದ ಮರಳು. ಗಂಡ ಅಕ್ಕಿ ಸುರಿದು ಕೈಯಾಡಿಸುತ್ತಿದ್ದ ಹಾಗೇ ಚಟಪಟ ಸದ್ದು. ಉಸಿರು ಬಿಟ್ಟು ಉಸಿರು ತೆಗೆದುಕೊಳ್ಳುವುದರಲ್ಲಿ ಅಕ್ಕಿ ಬೆಳ್ಳಗೆ ಉಬ್ಬಿ ಮೇಲೆ ಬಂತು. ಜರಡಿಯಲ್ಲಿ ಎತ್ತಿ ಒಮ್ಮೆ ಕೊಡವಿದರು. ಮರಳು ಕೆಳಗೆ, ಮಂಡಕ್ಕಿ ಪಕ್ಕಕ್ಕೆ. ಒಂದು ಕ್ಷಣ ತಡವಾದರೆ ಸೀದು ಹೋಗುತ್ತೆ. ಮತ್ತೆ ಅಕ್ಕಿ, ಮತ್ತೆ ಜರಡಿ. ಅವರ ಬಲಗೈ ಮೊಣಕೈವರೆಗೂ ರೋಮವೇ ಇರಲಿಲ್ಲ.

ಅವರ ಹೆಂಡತಿ, ಆ ಅಕ್ಕ, ಒಲೆಗೆ ಭತ್ತದ ಹೊಟ್ಟು ನೂಕುತ್ತಾ ಮಾತಾಡಿದರು. ಹುರಿಯೋದು ಕೊನೆ ಕೆಲಸ ಅಷ್ಟೇ ಅಂತೆ. ಭದ್ರಾ ನಾಲೆ ಕಡೆಯ ಭತ್ತ ತಂದು, ನೆನೆಸಿ, ಬೇಯಿಸಿ, ಒಣಗಿಸಿ, ಮಿಲ್ಲಿಗೆ ಹಾಕಿಸಬೇಕು. ಆಮೇಲೆ ಅಕ್ಕಿಗೆ ಉಪ್ಪುನೀರು ಹಾಕಿ ಕೈಯಲ್ಲೇ ತಿಕ್ಕಬೇಕು. "ಮಂಡಕ್ಕಿಯೊಳಗೆ ಉಪ್ಪು ಎಲ್ಲಿಂದ ಬರ್ತೈತಿ ಅಂದ್ಕೊಂಡೀರಿ?" ಅಂತ ಕೈ ತೋರಿಸಿದರು. ಬೆರಳ ಸಂದಿಯಲ್ಲೆಲ್ಲಾ ಬಿರುಕು. ಕೆಲವು ಕಡೆ ಚರ್ಮ ಕೆಂಪಗೆ ಎದ್ದಿತ್ತು. ಆ ಕೈಯಲ್ಲೇ ನಾಳೆಯೂ ಉಪ್ಪುನೀರು ಮುಟ್ಟಬೇಕು, ಅಲ್ವಾ? ಒಣಹಾಕಿದಾಗ ಮೋಡ ಕವಿದರೆ ಊಟವೂ ಸೇರಲ್ಲ ಅಂದರು. ನಾನಿದ್ದದ್ದು ಅವರಿಂದ ಎರಡು ಕಿಲೋಮೀಟರ್ ದೂರ. ಅದೇ ಮಳೆಗೆ ಕಿಟಕಿ ಹತ್ತಿರ ಕೂತು ಅವರ ಮಂಡಕ್ಕಿ ತಿಂದಿದ್ದೇನೆ.

ಇದನ್ನೆಲ್ಲ ನೋಡುವ ಮೊದಲು, ಬಾಗಿಲಲ್ಲೇ ನಿಂತು ಚೀಲಕ್ಕೆ ಇಪ್ಪತ್ತು ರೂಪಾಯಿ ಚೌಕಾಸಿ ಮಾಡಿದ್ದೆ. ಅವರು ಸುಮ್ನೆ ಒಪ್ಪಿಕೊಂಡಿದ್ದರು. ಹೊರಡುವಾಗ ಪೂರ್ತಿ ಕೊಟ್ಟೆ. "ಮಾತಾಡಿದ್ದು ಇಷ್ಟಲ್ಲರೀ" ಅಂತ ವಾಪಸ್ ಕೊಡಲು ಬಂದರು. ತೆಗೆದುಕೊಳ್ಳಲಿಲ್ಲ. ಏನಾದರೂ ಹೇಳಬೇಕು ಅನಿಸಿತು, ಮಾತು ಬರಲಿಲ್ಲ. ನಮ್ಮ ಕಡೆ ಧನ್ಯವಾದ ಅನ್ನೋದು ವೇದಿಕೆ ಮೇಲಿನ ಮಾತು. ಮನೆಯವರಿಗೆ, ಬೇಕಾದವರಿಗೆ ಯಾರೂ ಹಾಗೆ ಹೇಳಲ್ಲ. ಊಟ ಆತಾ ಅಂತ ಕೇಳ್ತೀವಿ, ಕೂತ್ಕೊಳ್ಳಿ ಅಂತೀವಿ, ತಿನ್ನೋಕೆ ಏನಾದರೂ ಕೊಡ್ತೀವಿ.

ನಾಮಕರಣದ ಮಾರನೇ ದಿನ ಉಳಿದ ಮಂಡಕ್ಕಿಗೆ ನಾನೇ ಒಗ್ಗರಣೆ ಹಾಕಿದೆ. ಬೆಳ್ಳುಳ್ಳಿ ಜಜ್ಜಿ, ಒಣಮೆಣಸಿನಕಾಯಿ, ಕರಿಬೇವು, ಶೇಂಗಾ, ಪುಟಾಣಿ ಹಾಕಿ ಗರಿಗರಿ ಖಾರ ಮಂಡಕ್ಕಿ ಮಾಡಿದೆ. ಡಬ್ಬಿ ತುಂಬಿಕೊಂಡು ಸಂಜೆ ಭಟ್ಟಿಗೆ ಹೋದೆ. ಒಲೆ ಆರಿತ್ತು. ಅಕ್ಕ ಅಂಗಳದಲ್ಲಿ ಅಕ್ಕಿ ಗುಡಿಸುತ್ತಿದ್ದರು.

"ಏನ್ರೀ, ಮಂಡಕ್ಕಿ ಸರಿ ಇರ್ಲಿಲ್ವಾ?" ಅಂತ ಗಾಬರಿಯಾದರು. ದೂರು ಹೇಳೋಕೆ ಬಿಟ್ಟು ಬೇರೆ ಕಾರಣಕ್ಕೆ ಗಿರಾಕಿ ತಿರುಗಿ ಬಂದದ್ದೇ ಇಲ್ಲವೇನೋ. ನನಗೆ ಸಂಕಟವಾಯಿತು. ಡಬ್ಬಿ ಬಿಚ್ಚಿ ಮುಂದಿಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ನಿಧಾನಕ್ಕೆ ಅಗಿದರು.

"ಉಪ್ಪು ಹದವಾಗೈತಿ ನೋಡ್ರಿ."

"ಅದು ನಾನು ಹಾಕಿದ್ದಲ್ಲ ಅಕ್ಕ. ಮೇಲೆ ಒಂದು ಕಲ್ಲೂ ಹಾಕಿಲ್ಲ. ನಿಮ್ದೇ ಉಪ್ಪು."

ಅಕ್ಕ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಒಳಗೆ ತಿರುಗಿ ಗಂಡನನ್ನು ಕೂಗಿದರು. "ಬರ್ರಿ ಇಲ್ಲಿ, ನಮ್ಮ ಮಂಡಕ್ಕಿ ತಿನ್ನಾಕ." ಅವರು ಟವೆಲ್‌ನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಾ ಬಂದು ಕಟ್ಟೆ ಮೇಲೆ ಕೂತರು. ಕತ್ತಲಾಗುವವರೆಗೂ ಮೂವರೂ ತಿಂದೆವು.