ಮುಖವಾಡದ ಮಾಮನನ್ನು ನೋಡಲು ತುಮಕೂರಿಗೆ

ಮಕ್ಕಳಿಗೆ ಅಗ್ನಿಶಾಮಕ ಠಾಣೆ ತೋರಿಸಲು ತುಮಕೂರಿಗೆ ಹೋಗಿದ್ದೆವು. ಮೊದಲು ಬಸ್ಸಿನ ವಿಷಯ ಹೇಳಿಬಿಡುತ್ತೇನೆ. ಚಿಕ್ಕಬಳ್ಳಾಪುರದಿಂದ ತುಮಕೂರಿಗೆ ಮಕ್ಕಳೊಂದಿಗೆ ಹೊರಟವರು ದೊಡ್ಡಬಳ್ಳಾಪುರದಲ್ಲಿ ಸರ್ಕಾರಿ ಬಸ್ಸಿಗೇ ಕಾಯಿರಿ. "ತುಮಕೂರು ನೇರ, ಈಗಲೇ ಹೊರಡುತ್ತದೆ" ಎಂಬ ಕೂಗು ನಂಬಿ ನಾವು ಖಾಸಗಿ ಬಸ್ ಹತ್ತಿದೆವು. ಏಪ್ರಿಲ್ ಬಿಸಿಲಿನಲ್ಲಿ ಅದು ಮುಕ್ಕಾಲು ಗಂಟೆ ಕದಲಲಿಲ್ಲ. ಐದು ವರ್ಷದ ಮಗಳಿಗೂ ಪೂರ್ತಿ ಟಿಕೆಟ್ ಹರಿದರು. ಕೊನೆಗೆ ದಾಬಸ್‌ಪೇಟೆಯಲ್ಲಿ ಎಲ್ಲರನ್ನೂ ಇಳಿಸಿ ಬೇರೆ ಬಸ್ಸಿಗೆ ಹತ್ತಿಸಿದರು. ಅಲ್ಲಿ ಮತ್ತೆ ದುಡ್ಡು ಕೇಳಿದರು. ಸರ್ಕಾರಿ ಬಸ್ಸಿನಲ್ಲಿ ಆರು ವರ್ಷದೊಳಗಿನವರಿಗೆ ಟಿಕೆಟ್ಟೇ ಇಲ್ಲ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಇನ್ನು ಠಾಣೆಯ ವಿಷಯ. ಕಳೆದ ವರ್ಷ ನಮ್ಮ ಬೀದಿಯಲ್ಲಿ ಒಂದು ಮನೆಗೆ ಬೆಂಕಿ ಬಿದ್ದಾಗ ಒಳಗಿದ್ದ ಮಗು ಮಂಚದ ಕೆಳಗೆ ಅಡಗಿತ್ತು. ಬಿಡಿಸಲು ಬಂದವರ ಮುಖವಾಡ ಕಂಡು ಇನ್ನೂ ಒಳಗೆ ಸರಿದಿತ್ತಂತೆ. ಅಂದಿನಿಂದ ನನ್ನ ಮಕ್ಕಳಿಗೆ ಆ ಮುಖವಾಡವನ್ನು ಒಮ್ಮೆ ಹತ್ತಿರದಿಂದ ತೋರಿಸಬೇಕೆಂಬ ಹಟ ನನಗಿತ್ತು. ತುಮಕೂರಿನಲ್ಲಿರುವ ಭಾವ ಮೊದಲೇ ಠಾಣೆಗೆ ಹೋಗಿ ಕೇಳಿಕೊಂಡು ಬಂದಿದ್ದರು. ನೀವೂ ಕೇಳದೆ ಹೋಗಬೇಡಿ.

ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಮದ್ದುಗುಂಡು ತುಂಬಿದ್ದ ಫೋರ್ಟ್ ಸ್ಟಿಕೀನ್ ಹಡಗು ಸಿಡಿದು, ಬೆಂಕಿ ಆರಿಸಲು ಹೋದ 60ಕ್ಕೂ ಹೆಚ್ಚು ಸಿಬ್ಬಂದಿ ಸತ್ತರು. ಅವರ ನೆನಪಿಗೆ ಈ ವಾರ. 14ರಂದು ಅಂಬೇಡ್ಕರ್ ಜಯಂತಿಯ ರಜೆಯೂ ಇರುತ್ತದೆ. ಜನಜಂಗುಳಿ ನನಗೆ ಆಗದು, ಹಾಗಾಗಿ ವಾರದ ನಡುವೆ ಹೋದೆವು.

ಸಿಬ್ಬಂದಿಯೊಬ್ಬರು ನೆಲದ ಮೇಲೆ ಕೂತು, ಮಗಳು ನೋಡುತ್ತಿರುವಂತೆಯೇ ಒಂದೊಂದಾಗಿ ತೊಟ್ಟರು: ಮೊದಲು ಬೂಟು, ಆಮೇಲೆ ಕೋಟು, ಬೆನ್ನಿಗೆ ಸಿಲಿಂಡರ್, ಕೊನೆಗೆ ಮುಖವಾಡ. ಸಿಲಿಂಡರ್, ಮುಖವಾಡ ಸೇರಿದ ಈ ಉಸಿರಾಟದ ಸಾಧನವನ್ನು ಅವರು ಬಿ.ಎ. ಸೆಟ್ ಎನ್ನುತ್ತಾರೆ. ಸಿಲಿಂಡರಿನಲ್ಲಿರುವುದು ಆಮ್ಲಜನಕ ಎಂದೇ ನಾನು ತಿಳಿದಿದ್ದೆ. ಅಲ್ಲ, ಒತ್ತಿ ತುಂಬಿದ ಗಾಳಿ. ಅದು ಮುಗಿಯುತ್ತಾ ಬಂದರೆ ಸೀಟಿ ಕೂಗುತ್ತದೆ. ಮುಖವಾಡದೊಳಗಿನ ಬುಸ್ ಬುಸ್ ಉಸಿರು ಕೇಳಿ ಮಗಳು ನನ್ನ ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವರು ಮುಖವಾಡ ತೆಗೆದು ನಕ್ಕರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ನಾಲ್ಕನೇ ಸಲ ಅವಳೇ ಗಾಜು ಮುಟ್ಟಿ, "ಒಳಗೆ ಮಾಮ ಇದ್ದಾರೆ" ಎಂದಳು. ಅಷ್ಟಾದ ಮೇಲೆಯೇ ಅವರು ಪಾಠ ಶುರುಮಾಡಿದ್ದು: ಹೊಗೆ ಮೇಲೇರುತ್ತದೆ, ನೀವು ಅಂಬೆಗಾಲಿಡಿ, ಬಟ್ಟೆಗೆ ಬೆಂಕಿ ಹತ್ತಿದರೆ ಓಡದೆ ನೆಲದ ಮೇಲೆ ಹೊರಳಿ, ಅಡಗಬೇಡಿ, ಕೂಗಿ.

ನೀರು ಚಿಮ್ಮಿಸಿ ತೋರಿಸುತ್ತಿದ್ದಾಗ ಗಂಟೆ ಬಾರಿಸಿತು. ಮಗ ಎಣಿಸಲು ಶುರುಮಾಡಿದ. ಐವತ್ತಕ್ಕೆ ಬರುವಷ್ಟರಲ್ಲಿ ವಾಹನ ಗೇಟು ದಾಟಿತ್ತು. ಸೈರನ್ ಸದ್ದಿಗೆ ಚಿಕ್ಕವರು ಬೆಚ್ಚುತ್ತಾರೆ, ಕಿವಿ ಮುಚ್ಚಲು ಮೊದಲೇ ಹೇಳಿಕೊಡಿ.

ಮರುದಿನ ಬೆಳಿಗ್ಗೆ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ. ದೊಡ್ಡ ಫಲಕದ ಹೋಟೆಲುಗಳನ್ನು ಬಿಟ್ಟು, ನಾಲ್ಕೇ ಬೆಂಚಿನ ಒಂದು ಅಂಗಡಿಗೆ ಅಕ್ಕ ಕರೆದೊಯ್ದಳು. ಹಬೆಯಾಡುವ ಇಡ್ಲಿಯ ಮೇಲೆ ಬೆಣ್ಣೆ ಕರಗಿ ಅಂಚಿಗೆ ಇಳಿಯುತ್ತಿತ್ತು. ಚಟ್ನಿಯಲ್ಲಿ ಹಸಿಮೆಣಸಿನಕಾಯಿಯ ಖಾರ ಹದವಾಗಿತ್ತು. ಮಕ್ಕಳಿಗೆ ಖಾರವಾದೀತೆಂದು ಅಂಗಡಿಯ ಅಜ್ಜಿ ಕೇಳದೆಯೇ ಸಕ್ಕರೆ ತಂದಿಟ್ಟರು. ನಾಲ್ವರು ಹೊಟ್ಟೆ ತುಂಬ ತಿಂದರೂ ಬಸ್ಸಿನವನು ಕಿತ್ತುಕೊಂಡಷ್ಟು ಖರ್ಚಾಗಲಿಲ್ಲ. ಒಂಬತ್ತಕ್ಕೆ ಮೊದಲೇ ಹೋಗಿ, ಆಮೇಲೆ ಹಿಟ್ಟು ಮುಗಿದಿರುತ್ತದೆ.